ಯಂತ್ರ ಸರಿಯಾಗಿ ಗುರುತಿಸಿದರೆ ಸಾಕೆ?

ಓದುಗರ ಪತ್ರದಿಂದ: "ಮುಖಚಹರೆ ಗುರುತಿಸುವ ತಂತ್ರಜ್ಞಾನ ಶೇ 99ಕ್ಕಿಂತ ಹೆಚ್ಚು ನಿಖರ ಎನ್ನುತ್ತಾರೆ. ಕೊನೆಯ ತೀರ್ಮಾನ ಹೇಗೂ ಪೊಲೀಸ್ ಅಧಿಕಾರಿಯದ್ದೇ. ಬೀದಿಯಲ್ಲಿ ಸಿಸಿಟಿವಿ ಮೊದಲಿನಿಂದಲೂ ಇದೆ. ತಪ್ಪು ಮಾಡದವರಿಗೆ ಇದರಿಂದೇನು ತೊಂದರೆ? ಕಳೆದ ಸಂಚಿಕೆಯ ನಿಮ್ಮ ಲೇಖನ ಸುಮ್ಮನೆ ಹೆದರಿಸುವಂತಿತ್ತು."

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮಂತೆಯೇ ಯೋಚಿಸುವವರು ಬಹಳ ಜನರಿದ್ದಾರೆ. ಹಾಗಾಗಿ ತುಸು ದೀರ್ಘವಾಗಿಯೇ ಉತ್ತರಿಸುತ್ತಿದ್ದೇವೆ.

ಮೊದಲು ಆ 99ರ ಲೆಕ್ಕ. ಫೋನಿನ ಲಾಕ್ ತೆಗೆಯುವಾಗ ಯಂತ್ರ ಒಂದು ಮುಖವನ್ನು ಒಂದೇ ಮುಖದ ಜೊತೆ ಹೋಲಿಸುತ್ತದೆ. ಬೀದಿಯ ಕ್ಯಾಮೆರಾ ಹಾಗಲ್ಲ. ಕಂಡ ಪ್ರತಿ ಮುಖವನ್ನೂ ಕೆಲವು ನೂರು ಅಂಕಿಗಳ ಸಾಲಾಗಿ ಮಾರ್ಪಡಿಸಿ, ಪೊಲೀಸರು ಹುಡುಕುತ್ತಿರುವವರ ನಿಗಾಪಟ್ಟಿಯಲ್ಲಿರುವ ಎಲ್ಲ ಮುಖಗಳ ಅಂಕಿಗಳೊಂದಿಗೂ ತಾಳೆ ನೋಡುತ್ತದೆ; ಹೊಂದಿದರೆ ಅಲರ್ಟ್ ಕೊಡುತ್ತದೆ. ಒಂದು ಹೋಲಿಕೆ ತಪ್ಪಾಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಎಂದೇ ಇಟ್ಟುಕೊಳ್ಳಿ. ಪಟ್ಟಿಯಲ್ಲಿ 10,000 ಮುಖಗಳಿದ್ದರೆ ದಾರಿಹೋಕರೊಬ್ಬರ ಮೇಲೆ ತಪ್ಪು ಅಲರ್ಟ್ ಬರುವ ಸಾಧ್ಯತೆ ಸುಮಾರು ನೂರಕ್ಕೆ ಒಂದಾಗುತ್ತದೆ. ದಿನಕ್ಕೆ 50,000 ಜನ ಓಡಾಡುವ ನಿಲ್ದಾಣದಲ್ಲಿ ಅದು 500 ತಪ್ಪು ಅಲರ್ಟ್. ನಿಜವಾಗಿ ಬೇಕಾದವರು ಅಂದು ಐದು ಜನ ಬಂದು, ಐವರೂ ಪತ್ತೆಯಾದರೂ ನೂರು ಅಲರ್ಟ್‌ಗಳಲ್ಲಿ ಸರಿಯಾದದ್ದು ಒಂದೇ ಒಂದು. 2017ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಚಾಂಪಿಯನ್ಸ್ ಲೀಗ್ ಫುಟ್ಬಾಲ್ ಫೈನಲ್ ವೇಳೆ ಸೌತ್ ವೇಲ್ಸ್ ಪೊಲೀಸರಿಗೆ ಬಂದ 2,470 ಅಲರ್ಟ್‌ಗಳಲ್ಲಿ 2,297 ತಪ್ಪಾಗಿದ್ದವು. ಅಲ್ಲಿಂದೀಚೆಗೆ ತಂತ್ರಾಂಶಗಳು ಬಹಳ ಸುಧಾರಿಸಿವೆ, ನಿಜ. ಆದರೆ ಪಟ್ಟಿ ಉದ್ದವಾದಷ್ಟೂ ತಪ್ಪು ಹೆಚ್ಚುವ ಈ ಗುಣಾಕಾರ ಬದಲಾಗಿಲ್ಲ.

ಹೋಲಿಕೆಗೆ ಸಿಗುವ ಅಂಕ ಎಷ್ಟು ದಾಟಿದರೆ ಅಲರ್ಟ್ ಕೊಡಬೇಕೆಂಬ ಮಿತಿಯನ್ನು ಸಾಮಾನ್ಯವಾಗಿ ಬಳಸುವ ಇಲಾಖೆಯೇ ಬದಲಿಸಬಹುದು. ಮಿತಿ ಇಳಿಸಿದರೆ ಅಮಾಯಕರು ಸಿಕ್ಕಿಬೀಳುತ್ತಾರೆ, ಏರಿಸಿದರೆ ಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ಯಾವ ಮಿತಿಯಲ್ಲಿ, ಎಷ್ಟು ದೊಡ್ಡ ಪಟ್ಟಿಯ ಮೇಲೆ ಎಂದು ಹೇಳದೆ "ಶೇ 99" ಎಂದರೆ ಅದಕ್ಕೆ ಅರ್ಥವೇ ಇಲ್ಲ. ಚಿತ್ರದ ಗುಣಮಟ್ಟದ್ದು ಇನ್ನೊಂದು ಗೋಳು. ಗುರುತುಪತ್ರದ ಫೋಟೊಗಳ ಅಂತರರಾಷ್ಟ್ರೀಯ ಮಾನದಂಡ ಎರಡು ಕಣ್ಣುಗಳ ನಡುವೆ ಕನಿಷ್ಠ 90 ಪಿಕ್ಸೆಲ್ ಕೇಳುತ್ತದೆ. ಕಂಬದ ಮೇಲಿನಿಂದ, ಸಂಜೆಗತ್ತಲಲ್ಲಿ, ಓರೆಯಾಗಿ, ನಡೆಯುತ್ತಿರುವವರ ಮುಖ ಹಿಡಿಯುವ ಕ್ಯಾಮೆರಾದಿಂದ ಅಷ್ಟು ಸಿಗುವುದು ಅಪರೂಪ. ತಪ್ಪುಗಳು ಎಲ್ಲರಿಗೂ ಸಮನಾಗಿ ಹಂಚಿಹೋಗುವುದೂ ಇಲ್ಲ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 2019ರ ಪರೀಕ್ಷೆಯಲ್ಲಿ, ತಂತ್ರಾಂಶದಿಂದ ತಂತ್ರಾಂಶಕ್ಕೆ ವ್ಯತ್ಯಾಸವಿದ್ದರೂ, ಒಂದಕ್ಕೊಂದು ಹೋಲಿಕೆಯಲ್ಲಿ ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಿಗೆ ತಪ್ಪು ಹೊಂದಾಣಿಕೆ ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಾಗಿದ್ದ ಉದಾಹರಣೆಗಳಿವೆ.

"ಅಧಿಕಾರಿ ನೋಡುತ್ತಾರಲ್ಲ" ಎಂಬ ಮಾತಿಗೆ ಬರೋಣ. ನಮ್ಮ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ. ಯಂತ್ರ ಲಕ್ಷಾಂತರ ಮುಖಗಳಿಂದ ಆರಿಸಿ ಕೊಡುವುದು ಶಂಕಿತನನ್ನು ಅತಿ ಹೆಚ್ಚು ಹೋಲುವ ವ್ಯಕ್ತಿಯನ್ನು. ಆ ಫೋಟೊವನ್ನು ಬೇರೆ ಐದು ಫೋಟೊಗಳ ಜೊತೆ ಸಾಕ್ಷಿಯ ಮುಂದಿಟ್ಟರೆ ಬೆರಳು ಎತ್ತ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಯಂತ್ರದ ತಪ್ಪಿಗೇ ಹೀಗೆ ಸಾಕ್ಷಿಯ ಮೊಹರು ಬೀಳುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ನಿರಪರಾಧಿಯೊಬ್ಬರು ಬಂಧನಕ್ಕೊಳಗಾಗಿದ್ದು ಹೀಗೆಯೇ: ಅಂಗಡಿ ಕ್ಯಾಮೆರಾದ ಮಸುಕು ಚಿತ್ರ, ಚಾಲನಾ ಪರವಾನಗಿಯ ಹಳೆಯ ಫೋಟೊ, ಕಳ್ಳತನವನ್ನು ಕಣ್ಣಾರೆ ನೋಡಿಯೇ ಇರದ ಸಾಕ್ಷಿ. ಅವರು ಹೂಡಿದ ಮೊಕದ್ದಮೆಯಲ್ಲಿ ಆದ 2024ರ ರಾಜಿ ಒಪ್ಪಂದದ ಪ್ರಕಾರ ಅಲ್ಲಿನ ಪೊಲೀಸರು ಈಗ ಬರೀ ಯಂತ್ರದ ಹೊಂದಾಣಿಕೆ ಆಧರಿಸಿ ಬಂಧಿಸುವಂತಿಲ್ಲ. ಬೇರೆ ಸ್ವತಂತ್ರ ಪುರಾವೆಯಿಲ್ಲದೆ ಆ ಫೋಟೊವನ್ನು ಸಾಕ್ಷಿಗೆ ತೋರಿಸುವಂತೆಯೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಯಂತ್ರ ತಪ್ಪುವುದರ ಬಗ್ಗೆ. ಅದು ತಪ್ಪದಿದ್ದಾಗ? 2019ರಲ್ಲಿ ಮಾಸ್ಕೊ ಮೆಟ್ರೊದಲ್ಲಿ ಒಬ್ಬರು ರಟ್ಟಿನ ಆಳೆತ್ತರದ ಚಿತ್ರ ಹಿಡಿದು ಏಕಾಂಗಿಯಾಗಿ, ಶಾಂತವಾಗಿ ಪ್ರತಿಭಟಿಸಿದರು. ಕೆಲ ದಿನಗಳ ಬಳಿಕ ಮೆಟ್ರೊದಲ್ಲೇ ಹಿಡಿದು ದಂಡ ಹಾಕಲಾಯಿತು. ಮುಖ ಗುರುತಿಸುವ ತಂತ್ರ ಬಳಕೆಯಾಗಿದೆ ಎಂದು ಒಪ್ಪಿದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, 2023ರಲ್ಲಿ ಇದನ್ನು ಖಾಸಗಿ ಜೀವನದ ಹಕ್ಕು ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಎರಡರ ಉಲ್ಲಂಘನೆ ಎಂದಿತು. ಹಿಡಿದದ್ದು ಸರಿಯಾದ ವ್ಯಕ್ತಿಯನ್ನೇ! ಹಳೆಯ ಸಿಸಿಟಿವಿಗೂ ಇದಕ್ಕೂ ಇರುವ ಅಂತರವೂ ಇಲ್ಲೇ ಕಾಣುತ್ತದೆ. ಸಿಸಿಟಿವಿ ದೃಶ್ಯದಲ್ಲಿ ಒಬ್ಬರನ್ನು ಹುಡುಕಲು ಯಾರಾದರೂ ಗಂಟೆಗಟ್ಟಲೆ ಕೂರಬೇಕು. ಅಷ್ಟು ಶ್ರಮಕ್ಕೆ ಒಂದು ಕಾರಣವೂ ಬೇಕು. ಈಗ ಒಂದು ಫೋಟೊ ಕೊಟ್ಟರೆ ಸಾಕು, ಆ ವ್ಯಕ್ತಿ ಯಾವ ಸಭೆಗೆ, ಯಾವ ಆಸ್ಪತ್ರೆಗೆ, ಯಾರ ಜೊತೆ ಹೋದರೆಂಬುದು ಹೊರಬೀಳುತ್ತದೆ. "ತಪ್ಪು" ಯಾವುದೆಂದು ನಿರ್ಧರಿಸುವುದು ಪಟ್ಟಿ ಬರೆಯುವವರು. ನೀವಲ್ಲ, ನಾವೂ ಅಲ್ಲ.

ನ್ಯಾಯಾಲಯಗಳು ತಂತ್ರಜ್ಞಾನವನ್ನೇ ಸಾರಾಸಗಟಾಗಿ ತಳ್ಳಿಹಾಕಿಲ್ಲ. ಭಾರತದ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಮೊಟಕುಗೊಳಿಸಲು ಕಾನೂನು ಬೇಕು, ನ್ಯಾಯಬದ್ಧ ಉದ್ದೇಶ ಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಒರೆಗಲ್ಲು ಆ ತೀರ್ಪಿನಲ್ಲಿದೆ. ಸೌತ್ ವೇಲ್ಸ್ ಪೊಲೀಸರ ಬಳಕೆ ಕಾನೂನುಬಾಹಿರ ಎಂದು 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಲು ಒಂದು ಮುಖ್ಯ ಕಾರಣ, ಯಾರನ್ನು ಪಟ್ಟಿಗೆ ಸೇರಿಸಬಹುದು, ಎಲ್ಲಿ ಕ್ಯಾಮೆರಾ ಇಡಬಹುದು ಎಂಬುದನ್ನು ನಿಯಮಗಳು ಅಧಿಕಾರಿಗಳ ವಿವೇಚನೆಗೇ ಬಿಟ್ಟಿದ್ದು.

ಹಾಗಾಗಿ ನಿಮ್ಮಲ್ಲಿ ಇಂಥ ಯೋಜನೆ ಬಂದಾಗ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದಾದರೆ "ಇದು ಸುರಕ್ಷಿತವೇ?" ಎಂದು ಕೇಳಬೇಡಿ, "ಹೌದು" ಎಂದು ಉತ್ತರಿಸಿ ಕೈತೊಳೆದುಕೊಳ್ಳುತ್ತಾರೆ. ದಾಖಲೆಗಳನ್ನೇ ಕೇಳಿ: ಯಾವ ಕಾನೂನಿನ ಯಾವ ಕಲಮಿನಡಿ ಅಳವಡಿಸಿದ್ದು, ಪಟ್ಟಿಯಲ್ಲಿ ಎಷ್ಟು ಮುಖಗಳಿವೆ, ಅವು ಯಾವ ದಾಖಲೆಗಳಿಂದ ಬಂದವು, ಹೆಸರು ತೆಗೆಸಲು ಯಾರಿಗೆ ಬರೆಯಬೇಕು, ಅಲರ್ಟ್‌ನ ಮಿತಿ ಎಷ್ಟು, ಅದನ್ನು ಬದಲಿಸುವ ಅಧಿಕಾರ ಯಾರದು, ಬಂದ ಅಲರ್ಟ್‌ಗಳೆಷ್ಟು, ಅವುಗಳಲ್ಲಿ ತಪ್ಪೆಷ್ಟು. ಹೊಂದಾಣಿಕೆಯಾಗದ ಮುಖಗಳ ಅಂಕಿಗಳನ್ನು ಎಷ್ಟು ಹೊತ್ತಿಗೆ ಅಳಿಸುತ್ತಾರೆಂಬುದನ್ನು ಬೇರೆಯಾಗಿಯೇ ಕೇಳಿ. ಮೂಲ ದೃಶ್ಯವನ್ನು ಅಳಿಸಿದ್ದೇವೆ ಎನ್ನುವ ಉತ್ತರ ಬರಬಹುದು, ಆದರೆ ಹುಡುಕಾಟಕ್ಕೆ ದೃಶ್ಯ ಬೇಕಿಲ್ಲ, ಆ ಅಂಕಿಗಳ ಸಾಲು ಉಳಿದಿದ್ದರೆ ಸಾಕು. ಪಾಸ್‌ವರ್ಡ್ ಸೋರಿಕೆಯಾದರೆ ಬದಲಿಸಬಹುದು, ಮುಖಕ್ಕೆ ಆ ಸೌಲಭ್ಯವಿಲ್ಲ. ಬಂದ ಉತ್ತರವನ್ನು ನಮಗೂ ಕಳಿಸಿಕೊಡಿ; ನಿಮ್ಮ ಹೆಸರು, ವಿಳಾಸ ತೆಗೆದು ಪ್ರಕಟಿಸುತ್ತೇವೆ.