‘ಕುಸಿತ’ ಎಂದು ಬರೆಯುವ ಮುನ್ನ ಗಡಿಯಾರ ನೋಡಿ

ನಮಸ್ಕಾರ.

ನೀವು ಕಳಿಸಿದ ‘ಹಸುಗೂಸಿನ ಸಕ್ಕರೆ: ಕಾಣದ ಕಂಟಕ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಯ ಬೇಕಾದದ್ದೇ, ಭಾಷೆಯೂ ತೊಡಕಿಲ್ಲದೆ ಹರಿಯುತ್ತದೆ. ಕೆಟ್ಟಿರುವುದು ಒಳಗಿನ ಲೆಕ್ಕ. ತಿದ್ದಿ ಮತ್ತೆ ಕಳಿಸುತ್ತೀರಿ ಎಂಬ ನಂಬಿಕೆಯಿಂದ ಮುಲಾಜಿಲ್ಲದೆ ಬರೆಯುತ್ತಿದ್ದೇವೆ.

ಎಡವಿರುವುದು ಮೊದಲ ಸಾಲಿನಲ್ಲೇ. ‘ಹುಟ್ಟಿದ ಗಂಟೆಯೊಳಗೆ ಸಕ್ಕರೆ 70ರ ಕೆಳಗೆ ಕುಸಿದರೆ ಅಪಾಯ ಬಾಗಿಲಲ್ಲಿದೆ’ ಎಂದಿದ್ದೀರಿ. 70 (ನೂರು ಮಿಲಿಲೀಟರ್, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಗ್ಲೂಕೋಸ್) ಎಂಬುದು ದೊಡ್ಡವರ ಲೆಕ್ಕ. ಗರ್ಭದಲ್ಲಿರುವಾಗ ತಾಯಿಯ ಗ್ಲೂಕೋಸ್ ಮಾಸಿನ ಮೂಲಕ ಹಗಲೂ ರಾತ್ರಿ ಹರಿದು ಬರುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಆ ನಲ್ಲಿ ನಿಂತುಹೋಗುತ್ತದೆ. ಆಮೇಲೆ ಒಂದೆರಡು ಗಂಟೆಯಲ್ಲಿ ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನಲ್ಲೂ ಸಕ್ಕರೆ ಡೆಸಿಲೀಟರಿಗೆ 30 ಮಿಲಿಗ್ರಾಂ ಆಸುಪಾಸಿಗೆ ಇಳಿಯಬಹುದು. ಮೂರು ನಾಲ್ಕು ಗಂಟೆ ಹೊತ್ತಿಗೆ ಸಾಮಾನ್ಯವಾಗಿ 45 ದಾಟುತ್ತದೆ, ಮೂರನೆಯ ದಿನದ ಹೊತ್ತಿಗೆ 60ರ ಮೇಲೆ ನಿಲ್ಲುತ್ತದೆ. ಆದ್ದರಿಂದ ವಯಸ್ಸು ಎಷ್ಟು ಗಂಟೆ ಎಂದು ಹೇಳದೆ ಸಕ್ಕರೆ ಎಷ್ಟು ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ನಿಮ್ಮ ಲೇಖನದಲ್ಲಿ ಸಂಖ್ಯೆ ಹದಿನಾಲ್ಕು ಕಡೆ ಬಂದಿದೆ, ಗಂಟೆ ಎರಡೇ ಕಡೆ.

ಈ ಇಳಿತದ ಹೊತ್ತಿನಲ್ಲೇ ಮಗುವಿನ ಸ್ವಂತ ವ್ಯವಸ್ಥೆ ಎದ್ದು ಕೂರುತ್ತದೆ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ತಗ್ಗುತ್ತದೆ, ಅದನ್ನು ಏರಿಸುವ ಹಾರ್ಮೋನುಗಳಾದ ಗ್ಲುಕಗಾನ್ ಮತ್ತು ಅಡ್ರಿನಲಿನ್ ಹೆಚ್ಚುತ್ತವೆ. ಪಿತ್ತಜನಕಾಂಗ ತಾನು ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಗ್ಲೂಕೋಸ್ ಬಿಡುತ್ತದೆ. ಈ ದಾಸ್ತಾನು ಹೆಚ್ಚುಕಡಿಮೆ ಅರ್ಧ ದಿನಕ್ಕೆ ಸಾಕು. ಅದು ಮುಗಿಯುವ ಮೊದಲೇ ಲ್ಯಾಕ್ಟೇಟ್, ಗ್ಲಿಸರಾಲ್, ಅಮೈನೋ ಆಮ್ಲಗಳಿಂದ ಹೊಸ ಗ್ಲೂಕೋಸ್ ತಯಾರಿಸುವ ಕೆಲಸ ಶುರುವಾಗಿರಬೇಕು. ಹಾಲು ಒಳಗೆ ಹೋದಂತೆ ಕೊಬ್ಬು ಒಡೆದು ಕೀಟೋನ್‌ಗಳೂ ಬರುತ್ತವೆ. ಮಿದುಳು ಅವನ್ನೂ ಉರಿಸಿಕೊಳ್ಳಬಲ್ಲದು.

‘ಮಗುವಿಗೆ ಬೇಕಾದ ಸಕ್ಕರೆಯೆಲ್ಲ ತಾಯಿಹಾಲಿನಿಂದಲೇ ಬರುತ್ತದೆ’ ಎಂಬ ನಿಮ್ಮ ವಾಕ್ಯ ಕೇಳಲು ಹಿತ, ಲೆಕ್ಕಕ್ಕೆ ನಿಲ್ಲದು. ನೀವೇ ಕೂಡಿ ನೋಡಿ. ಕಿಲೋ ತೂಕಕ್ಕೆ ನಿಮಿಷಕ್ಕೆ 4ರಿಂದ 6 ಮಿಲಿಗ್ರಾಂ ಗ್ಲೂಕೋಸ್ ಬೇಕು. ಮೂರು ಕಿಲೋ ಮಗುವಿಗೆ ದಿನಕ್ಕೆ ಸುಮಾರು 17ರಿಂದ 26 ಗ್ರಾಂ. ಮೊದಲ ದಿನ ಸಿಗುವ ಹಳದಿ ಹಾಲು ಒಂದು ಸಲಕ್ಕೆ 2ರಿಂದ 10 ಮಿಲಿಲೀಟರ್. ಎಂಟು ಸಲ ಐದೈದು ಮಿಲಿಲೀಟರ್ ಕುಡಿದರೂ 40 ಮಿಲಿಲೀಟರ್, ಅದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಎರಡು ಗ್ರಾಂ ಸಿಕ್ಕರೆ ಹೆಚ್ಚು. ಮಿಕ್ಕದ್ದನ್ನು ಮಗುವೇ ಹೊಂದಿಸಿಕೊಳ್ಳುತ್ತದೆ. ಹಾಗೆಂದು ಆ ಹಾಲು ಬೇಡವೆಂದಲ್ಲ: ಅದರ ಕೊಬ್ಬು ಕೀಟೋನಿಗೆ ದಾರಿ, ಲ್ಯಾಕ್ಟೋಸ್ ಒಡೆದಾಗ ಗ್ಲೂಕೋಸಿನ ಜೊತೆ ಸಿಗುವ ಗ್ಯಾಲಕ್ಟೋಸ್ ಪಿತ್ತಜನಕಾಂಗದ ದಾಸ್ತಾನಿಗೆ ಸೇರುತ್ತದೆ. ಈ ಎರಡು ಸಾಲು ಲೆಕ್ಕವೇ ನಿಮ್ಮ ಲೇಖನದ ಮಧ್ಯಭಾಗವಾಗಲಿ. ‘ಅಮೃತ’ ಎಂಬ ಪದ ಒಂಬತ್ತು ಸಲ ಬಂದಿದೆ, ಎಂಟನ್ನು ತೆಗೆದರೆ ಜಾಗವೂ ಸಿಗುತ್ತದೆ.

ಯಾರಿಗೆ ಅಪಾಯ ಎಂಬ ಭಾಗದಲ್ಲಿ ನಾಲ್ಕು ಗುಂಪುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಕಾರಣಗಳು ಬೇರೆಬೇರೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ಗ್ಲೈಕೋಜನ್ ಕೂಡಿರುವುದಿಲ್ಲ, ಅದು ಶೇಖರವಾಗುವುದೇ ಕೊನೆಯ ತಿಂಗಳುಗಳಲ್ಲಿ. ತೂಕ ಕಡಿಮೆಯ ಮಗುವಿನ ಮೈಯಲ್ಲಿ ಕೊಬ್ಬೂ ಇಲ್ಲ, ದಾಸ್ತಾನೂ ಇಲ್ಲ, ಮೈಗೆ ಹೋಲಿಸಿದರೆ ಮಿದುಳು ಮಾತ್ರ ದೊಡ್ಡದು. ಮಧುಮೇಹವಿರುವ ತಾಯಿಯ ಮಗುವಿನದು ತದ್ವಿರುದ್ಧ. ತಾಯಿಯ ಗ್ಲೂಕೋಸ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಬಂದ ಹೆಚ್ಚುವರಿ ಸಕ್ಕರೆಗೆ ಮಗುವಿನ ಮೇದೋಜೀರಕ ಗ್ರಂಥಿಯೇ ಇನ್ಸುಲಿನ್ ಸುರಿಸಿ ರೂಢಿಸಿಕೊಂಡಿರುತ್ತದೆ. ಬಳ್ಳಿ ಕತ್ತರಿಸಿದ ಮೇಲೂ ಆ ರೂಢಿ ತಕ್ಷಣ ಬಿಡದು. ದಾಸ್ತಾನು ತುಂಬಿದ್ದರೂ ಇನ್ಸುಲಿನ್ ಬೀಗ ಹಾಕಿ ಕೂತಿರುತ್ತದೆ. ಕೊಬ್ಬು ಒಡೆಯುವುದನ್ನೂ ಅದು ತಡೆಯುವುದರಿಂದ ಕೀಟೋನ್ ಕೂಡ ಸಿಗದು. ‘ಗುಂಡುಗುಂಡಾಗಿದೆ, ಚಿಂತೆಯಿಲ್ಲ’ ಎಂದು ನೀವು ಬರೆದಿರುವ ಮಗು ಇದೇ ಆಗಿರಬಹುದು. ಅವಧಿಗೆ ಹೋಲಿಸಿದರೆ ತೂಕ ಹೆಚ್ಚಿರುವ ಮಗುವನ್ನೂ ಇದೇ ಕಾರಣಕ್ಕೆ ಗಮನಿಸುತ್ತಾರೆ. ಈ ಎರಡು ಗುಂಪಿನಲ್ಲಿ ಇಳಿತ ಬೇಗ ಕಾಣುವುದರಿಂದ ಮೊದಲ 12 ಗಂಟೆ ಪರೀಕ್ಷೆ. ಮುಂಚೆ ಹುಟ್ಟಿದ, ತೂಕ ಕಡಿಮೆಯ ಮಕ್ಕಳಿಗೆ 24 ಗಂಟೆ. ಯಾವ ಅಪಾಯವೂ ಇಲ್ಲದೆ ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ಸುಮ್ಮನೆ ಚುಚ್ಚುವ ಅಗತ್ಯವಿಲ್ಲ. ಚಳಿಯನ್ನು ನೀವು ಮರೆತೇ ಬಿಟ್ಟಿದ್ದೀರಿ: ಮೈ ತಣ್ಣಗಾದರೆ ಬಿಸಿ ಉಳಿಸಿಕೊಳ್ಳಲೇ ಗ್ಲೂಕೋಸ್ ಖರ್ಚಾಗುತ್ತದೆ. ಒರೆಸಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸುವುದು ಸಕ್ಕರೆಗೂ ಉಪಚಾರವೇ.

ಒಂದು ವಾಕ್ಯವನ್ನು ನಾವು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇವೆ: ‘ಕೈಕಾಲು ನಡುಗಿದರೆ ಒಂದು ಚಮಚ ಸಕ್ಕರೆ ನೀರು ಅಥವಾ ಜೇನು ನೆಕ್ಕಿಸಿ.’ ಇದನ್ನು ಓದಿ ಯಾರಾದರೂ ಹಾಗೇ ಮಾಡಿಬಿಡುತ್ತಾರೆ. ಜೇನಿನಿಂದ ಹಸುಗೂಸಿಗೆ ಬೊಟ್ಯುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ಕಾಯಿಲೆ, ತಗಲುವ ಅಪಾಯವಿದೆ. ಸಕ್ಕರೆ ನೀರಿನಿಂದ ಹೊಟ್ಟೆ ತುಂಬಿದ ಮಗು ಮೊಲೆ ಹಿಡಿಯದು, ಚಿಕಿತ್ಸೆಯೂ ತಡವಾಗುತ್ತದೆ. ನಡುಕವೊಂದನ್ನೇ ಲಕ್ಷಣವೆಂದು ಬರೆದಿರುವುದೂ ಸಾಲದು. ಹಿಡಿದಾಗ ನಿಲ್ಲುವ ನಡುಕ ಬೇರೆ, ಹಿಡಿದರೂ ನಿಲ್ಲದ ಸೆಳವು ಬೇರೆ. ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದಿರುವುದು, ಮೈ ಸಡಿಲವಾಗುವುದು, ಕ್ಷೀಣ ಅಳು, ಉಸಿರು ನಿಂತು ನಿಂತು ಬರುವುದು, ಮೈ ನೀಲಿಗಟ್ಟುವುದು ಇವೆಲ್ಲ ಬರೆಯಿರಿ. ಇವು ಸೋಂಕಿನಲ್ಲೂ ಕಾಣುತ್ತವೆ, ಆದ್ದರಿಂದ ಮನೆಯಲ್ಲಿ ಊಹಿಸುತ್ತ ಕೂರದೆ ತಕ್ಷಣ ವೈದ್ಯರಿಗೆ ತೋರಿಸಬೇಕು.

ಅಳತೆಯ ವಿಚಾರಕ್ಕೆ ಒಂದೇ ಪ್ಯಾರಾ ಸಾಕು, ಆದರೆ ಅದು ಬೇಕೇ ಬೇಕು. ಪಾದವನ್ನು ಬೆಚ್ಚಗೆ ಮಾಡಿ, ಹಿಮ್ಮಡಿಯ ನಡುವೆ ಅಲ್ಲ, ಪಕ್ಕದಲ್ಲಿ ಚುಚ್ಚಬೇಕು. ಸ್ಪಿರಿಟ್ ಒಣಗಿರಬೇಕು, ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಬೇಕು. ಗ್ಲುಕೋಮೀಟರ್ ಕಡಿಮೆ ಮಟ್ಟದಲ್ಲಿ 10ರಿಂದ 20 ಮಿಲಿಗ್ರಾಂ ತಪ್ಪಬಹುದು; ಖಚಿತ ಉತ್ತರ ಪ್ರಯೋಗಾಲಯದ್ದು. ಆದರೆ ಅಲ್ಲಿಗೆ ಕಳಿಸಿದ ರಕ್ತ ತಡವಾದರೆ ರಕ್ತಕಣಗಳೇ ಗ್ಲೂಕೋಸನ್ನು ತಿಂದು ಸುಳ್ಳು ಇಳಿತ ತೋರಿಸುತ್ತವೆ. ಆ ವರದಿಗೆ ಕಾಯುತ್ತ ಚಿಕಿತ್ಸೆ ನಿಲ್ಲಿಸಬಾರದು.

‘ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರೆ’ ಎಂದು ಚಿಕಿತ್ಸೆಯನ್ನು ಮುಗಿಸಿದ್ದೀರಿ. ಮೆಟ್ಟಿಲುಗಳಿವೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2011ರಲ್ಲಿ ಹೇಳಿದ ಕ್ರಮ ಹೀಗೆ: ಅಪಾಯವಿರುವ ಮಗುವಿಗೆ ಒಂದು ಗಂಟೆಯೊಳಗೆ ಹಾಲು, ಅದಾಗಿ ಅರ್ಧ ಗಂಟೆಗೆ ಪರೀಕ್ಷೆ. ಮೊದಲ ನಾಲ್ಕು ಗಂಟೆಯಲ್ಲಿ 25ರ ಕೆಳಗಿದ್ದರೆ ಮತ್ತೆ ಹಾಲು, ಗಂಟೆ ಬಿಟ್ಟು ಪರೀಕ್ಷೆ, ಆಗಲೂ ಏರದಿದ್ದರೆ ರಕ್ತನಾಳಕ್ಕೆ ಗ್ಲೂಕೋಸ್. ನಾಲ್ಕು ಗಂಟೆಯ ನಂತರ ಆ ಗೆರೆ 35. ಲಕ್ಷಣಗಳಿದ್ದು 40ರ ಕೆಳಗಿದ್ದರೆ ಕಾಯುವಂತಿಲ್ಲ, ನೇರ ರಕ್ತನಾಳಕ್ಕೆ. ಎಲ್ಲ ಕಡೆಯ ಗೆರೆಗಳೂ ಇವೇ ಅಲ್ಲ, ಅದನ್ನೂ ಹೇಳಿ. ನಡುವೆ ಇನ್ನೊಂದು ಮೆಟ್ಟಿಲಿದೆ: 40 ಶೇಕಡ ಡೆಕ್ಸ್‌ಟ್ರೋಸ್ (ಗ್ಲೂಕೋಸಿನದೇ ಇನ್ನೊಂದು ಹೆಸರು) ಜೆಲ್, ಕಿಲೋಗೆ 0.5 ಮಿಲಿಲೀಟರ್, ಕೆನ್ನೆಯ ಒಳಭಾಗ ಒರೆಸಿ ಸವರಿ, ಕೂಡಲೇ ಹಾಲೂಡಿಸುವುದು. ನ್ಯೂಜಿಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದ ನಂತರ ಇದು ವ್ಯಾಪಕ ಬಳಕೆಗೆ ಬಂತು.

ರಕ್ತನಾಳದ ಲೆಕ್ಕದಲ್ಲಿ ನೀವು 25 ಶೇಕಡ ದ್ರಾವಣ ಎಂದಿರುವುದನ್ನು ತೆಗೆಯಿರಿ, ಅಷ್ಟು ಗಾಢವಾದದ್ದು ಕೈಯ ಸಣ್ಣ ನಾಳವನ್ನು ಸುಡುತ್ತದೆ. ಮೊದಲು 10 ಶೇಕಡ ಡೆಕ್ಸ್‌ಟ್ರೋಸ್, ಕಿಲೋಗೆ 2 ಮಿಲಿಲೀಟರ್. ಅದರ ಬೆನ್ನಿಗೇ ಎಡೆಬಿಡದ ಡ್ರಿಪ್. ಮೂರು ಕಿಲೋ ಮಗುವಿಗೆ ಗಂಟೆಗೆ 9 ಮಿಲಿಲೀಟರ್ ಹರಿಸಿದರೆ ಗಂಟೆಗೆ 900 ಮಿಲಿಗ್ರಾಂ, ಅಂದರೆ ಕಿಲೋಗೆ ನಿಮಿಷಕ್ಕೆ 5. ಒಂದೇ ಸಲ ಕೊಟ್ಟು ಸುಮ್ಮನಾದರೆ ಇನ್ಸುಲಿನ್ ಎದ್ದು ಸಕ್ಕರೆ ಮತ್ತೆ ಇಳಿಯುತ್ತದೆ. ಡ್ರಿಪ್ಪನ್ನು ಹಠಾತ್ತಾಗಿ ನಿಲ್ಲಿಸಬಾರದು ಎನ್ನುವುದೂ ಇದಕ್ಕೇ.

ಕೊನೆಯ ಪ್ಯಾರಾ, ತಾಯಿಯ ಮಡಿಲಿನ ಮಹಿಮೆ, ಪೂರ್ತಿ ಬಿಡಿ. ಅದರ ಬದಲು ಮೂರು ದಿನ ಕಳೆದರೂ ಸಕ್ಕರೆ 60ರ ಮೇಲೆ ನಿಲ್ಲದ ಮಗುವಿನ ಬಗ್ಗೆ ಬರೆಯಿರಿ. ಅದು ಹುಟ್ಟಿನ ಹೊಂದಾಣಿಕೆ ಅಲ್ಲದಿರಬಹುದು. ಇನ್ಸುಲಿನ್ ಮಿತಿಮೀರಿದೆಯೇ, ಕಾರ್ಟಿಸಾಲ್ ಅಥವಾ ಬೆಳವಣಿಗೆಯ ಹಾರ್ಮೋನ್ ಕೊರತೆಯೇ ಎಂದು ಹುಡುಕಬೇಕು, ಮನೆಗೆ ಕಳಿಸುವ ಮೊದಲೇ. ಪದಮಿತಿ ಸಾವಿರದ ಇನ್ನೂರು. ಹೊಸ ಪ್ರತಿಯಲ್ಲಿ ಪ್ರತಿ ಸಂಖ್ಯೆಯ ಪಕ್ಕ ಗಂಟೆ ಇರಲಿ.

— ಸಂಪಾದಕ ಬಳಗ