ಪ್ರಚಾರದ ಪೋಸ್ಟರ್‌ಗಳನ್ನು ತರಗತಿಯಲ್ಲಿ ಹೇಗೆ ಪಾಠ ಮಾಡುವುದು?

ಒಂಬತ್ತನೇ ತರಗತಿಯ ಮಕ್ಕಳಿಗೆ ರಾಜಕೀಯ ಪ್ರಚಾರದ ಪೋಸ್ಟರ್ ಓದುವುದನ್ನು ಕಲಿಸಿ, ಅವರ ಕೈಯಲ್ಲೂ ಒಂದು ಮಾಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಿಸಿ. ಆದರೆ ಮೊದಲ ಪೀರಿಯಡ್ಡಿನಲ್ಲೇ ಬಣ್ಣ ಕೊಡಬೇಡಿ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು. ಮೊದಲು ಸೈನ್ಯಕ್ಕೆ ಸೇರಿ ಎಂದು ಕರೆಯುವ ಮೂರು ಪೋಸ್ಟರ್ ಅಂಟಿಸುತ್ತೇನೆ: 1914ರ ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್, 1917ರ ಅಂಕಲ್ ಸ್ಯಾಮ್, ಅಂದರೆ ಅಮೆರಿಕವನ್ನೇ ಪ್ರತಿನಿಧಿಸುವ ಕಾಲ್ಪನಿಕ ವ್ಯಕ್ತಿ (ಕಲಾವಿದ ಫ್ಲ್ಯಾಗ್ ಅದಕ್ಕೆ ತನ್ನದೇ ಮುಖ ಕೊಟ್ಟ), 1920ರಲ್ಲಿ ರಷ್ಯಾದ ದ್ಮಿತ್ರಿ ಮೂರ್ ಬರೆದ ಕೆಂಪು ಸೇನೆಯ ಸೈನಿಕ. ಅಕ್ಷರಗಳ ಮೇಲೆ ಕಾಗದ ಮುಚ್ಚಿರುತ್ತೇನೆ. ಸಾಮ್ರಾಜ್ಯ, ಗಣರಾಜ್ಯ, ಕಮ್ಯುನಿಸ್ಟ್ ಸರ್ಕಾರ, ಮೂರೂ ನಮ್ಮತ್ತಲೇ ಬೆರಳು ಚಾಚಿವೆ. "ನನ್ನನ್ನೇ ನೋಡ್ತಿದ್ದಾನೆ ಮಿಸ್" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪಾಠ ಅರ್ಧ ಮುಗಿದಂತೆ.

ಹೆಚ್ಚು ಹೊತ್ತು ನಿಲ್ಲಬೇಕಾದ್ದು ಸ್ಯಾವಿಲ್ ಲಮ್ಲಿಯ 1915ರ ಬ್ರಿಟಿಷ್ ಪೋಸ್ಟರಿನ ಮುಂದೆ. ಆರಾಮಕುರ್ಚಿಯಲ್ಲಿ ಅಪ್ಪ, ತೊಡೆಯ ಮೇಲೆ ಮಗಳು, ನೆಲದ ಮೇಲೆ ಆಟಿಕೆಯ ಸೈನಿಕರನ್ನು ಜೋಡಿಸುತ್ತಿರುವ ಮಗ. 'ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?' ಆಗ ಆ ಯುದ್ಧ, ಅಂದರೆ ಮೊದಲ ಮಹಾಯುದ್ಧ, ಇನ್ನೂ ನಡೆಯುತ್ತಿತ್ತು. ಅದು ಮುಗಿದ ಮೇಲೆ ಪಡಬೇಕಾದ ನಾಚಿಕೆಯನ್ನು ಪೋಸ್ಟರ್ ಮುಂಗಡವಾಗಿಯೇ ಹೊರಿಸುತ್ತಿದೆ. ಕಾರಣವೂ ಇದೆ. ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾನೂನು ಬಂದದ್ದು 1916ರಲ್ಲಿ. ಅಲ್ಲಿಯವರೆಗೆ ಜನ ತಾವಾಗಿಯೇ ಸೇರಬೇಕಿತ್ತು. ಇಲ್ಲಿ 'ಚಿತ್ರದಲ್ಲಿ ಏನಿಲ್ಲ?' ಎಂದು ಕೇಳಿ. ಕಂದಕವಿಲ್ಲ, ಹೆಣವಿಲ್ಲ, ಸೈನ್ಯಕ್ಕೆ ಹೋಗಿ ಮರಳದ ಅಪ್ಪಂದಿರಿಲ್ಲ. ತಾಯಿಯೂ ಇಲ್ಲ.

ಇನ್ನು ಮಾಡಿಸುವುದು. 'ಗಿಡ ನೆಡಿ', 'ನೀರು ಉಳಿಸಿ' ಬೇಡ. ಎದುರಾಳಿಯೇ ಇಲ್ಲದ ಕಡೆ ರಾಜಕೀಯ ಎಲ್ಲಿಂದ ಬರಬೇಕು? ಇಂದಿನ ಪಕ್ಷಗಳೂ ಬೇಡ. ಮಾರನೇ ದಿನ ಪೋಷಕರು ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತಿರುತ್ತಾರೆ. ನಾನು ಆ ಕಡ್ಡಾಯ ಸೇವೆಯ ಪ್ರಶ್ನೆಯನ್ನೇ ಕೊಡುತ್ತೇನೆ. ಪರ ಯಾರು, ವಿರೋಧ ಯಾರು ಎಂದು ಕೈ ಎತ್ತಿಸಿ, ಪ್ರತಿಯೊಬ್ಬರಿಗೂ ತಾವು ಒಪ್ಪದ ನಿಲುವಿಗೇ ಪೋಸ್ಟರ್ ಬರೆಯಲು ಹೇಳುತ್ತೇನೆ. ಗೊಣಗುತ್ತಾರೆ, ಗೊಣಗಲಿ. ಮೂರೇ ಬಣ್ಣ, ಆರು ಪದ ಮೀರುವಂತಿಲ್ಲ. ಆಗಿನ ಲಿಥೋ (ಕಲ್ಲಚ್ಚು) ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಅಥವಾ ತಗಡು ಬೇಕಿತ್ತು, ಬಣ್ಣ ಹೆಚ್ಚಿದಷ್ಟೂ ಖರ್ಚು.

ಚಿತ್ರ ಚೆನ್ನಾಗಿ ಬರೆಯುವವರಿಗೇ ಅಂಕ ಹೋಗದಿರಲು ಹಾಳೆಯ ಹಿಂದೆ ನಾಲ್ಕು ಸಾಲು ಬರೆಸಿ: ಯಾರನ್ನು ಉದ್ದೇಶಿಸಿದ್ದು, ಯಾವ ಭಾವನೆ ಕೆರಳಿಸಲು ನೋಡಿದೆ, ಬೇಕೆಂದೇ ಏನು ಬಿಟ್ಟೆ. ನಾನು ಅಂಕ ಕೊಡುವುದು ಆ ಸಾಲುಗಳಿಗೆ.