ನಮ್ಮ ಕಡೆಯ ದೆವ್ವ, ರಾಕ್ಷಸರ ಕಥೆಗಳಿಗೆ ಮೂಲ ಯಾವ ಪುರಾಣ? ಒಂದೊಂದರ ಅರ್ಥ ತಿಳಿಯೋದು ಹೇಗೆ?

ಎಂ.ಎ. ಕಿರುಪ್ರಬಂಧಕ್ಕೆ ಯಾದಗಿರಿ ಕಡೆಯ ದೆವ್ವಗಳ ಪಟ್ಟಿ ಮಾಡ್ತಿದ್ದೀರಿ, ಪ್ರತಿಯೊಂದರ ಮುಂದೆ ಪುರಾಣದ ಮೂಲ, ಸಾಂಕೇತಿಕ ಅರ್ಥ ಬರೀಬೇಕು ಅಂದಿದ್ದೀರಿ. ಇದನ್ನೇ ನಾನು ಕಲಬುರಗಿಯಲ್ಲಿ ಓದುವಾಗ ಮಾಡಿದ್ದೆ. ಮೂರು ಕಾಲಂ ಹಾಕಿ, ನೀಟಾಗಿ ಟೈಪ್ ಮಾಡಿಸಿ. ಅದರಿಂದ ಒಂದು ಇಡೀ ಅಧ್ಯಾಯ ಹೋಯಿತು, ಒಂದು ಓಣಿಯ ಬಾಗಿಲೂ ಮುಚ್ಚಿತು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಸೇಡಂ ಕಡೆ ನನ್ನ ಗೆಳೆಯನ ಊರು. ಅವನ ಅಜ್ಜಿಯನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು. ಸಂಜೆ ಕಟ್ಟೆ ಮೇಲೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಾ ಕೂತಿದ್ದಳು, ಸುತ್ತ ನಾಲ್ಕೈದು ಹೆಂಗಸರು. ನಾನು ಫೋನಿನ ರೆಕಾರ್ಡರ್ ಆನ್ ಮಾಡಿ ಪಕ್ಕಕ್ಕಿಟ್ಟೆ. ಅವರು ಏನೇನೋ ಮಾತಾಡಿದರು, ಯಾರ ಮನೆ ಸೊಸೆ, ಎಷ್ಟು ತಿಂಗಳು, ತವರಿಗೆ ಕಳಿಸಿದ್ದಾರೋ ಇಲ್ಲವೋ. ನಾನು ಕಾಯುತ್ತಿದ್ದೆ, ಕಥೆ ಯಾವಾಗ ಶುರುವಾಗುತ್ತೋ ಅಂತ. ಆಮೇಲೆ ಆಯಿ ತಾನಾಗಿಯೇ ಬಾವಿ ದೆವ್ವದ ಕಥೆ ತೆಗೆದಳು.

ಊರಾಚೆ ಬಾವಿ ಹತ್ತಿರ ದೀಪ ಹಚ್ಚೋ ಹೊತ್ತಿಗೆ ಒಬ್ಬಳು ನಿಂತಿರುತ್ತಾಳೆ. ಹಸಿ ಸೀರೆ, ಕಂಕುಳಲ್ಲಿ ಕೂಸು. ಹೊಲದಿಂದ ಬರುವವರ ಹಿಂದೆಯೇ ಬಂದು ಹೊಸ್ತಿಲ ಹೊರಗೆ ನಿಲ್ಲುತ್ತಾಳೆ. ರಕ್ತ ಕೇಳೋದಿಲ್ಲ, ಗಂಡಸರನ್ನು ಹಿಡಿಯೋದಿಲ್ಲ. "ಒಂದು ಕೆಂಡ ಕೊಡು ಯವ್ವಾ" ಅನ್ನುತ್ತಾಳೆ, ಅಷ್ಟೇ. ಕೊಟ್ಟರೆ ಹೋಗುತ್ತಾಳೆ. ಕೊಡದಿದ್ದರೆ ಆ ಮನೆಯಲ್ಲಿ ತೊಟ್ಟಿಲು ತೂಗೋದಿಲ್ಲ. ಕಥೆ ನಡೆಯುವಾಗ ಒಬ್ಬ ಹೆಂಗಸು ಎದ್ದು ಹೋದಳು. ಎಮ್ಮೆ ಹಿಂಡೋ ಹೊತ್ತಾಯಿತೇನೋ ಅಂದುಕೊಂಡೆ.

ಕೆಂಡ ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಾರೆ, ಅದರ ಮೇಲೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕೂಸಿಗೆ ಹೊಗೆ ಹಾಕುತ್ತಾರೆ. ನನಗೂ ಗೊತ್ತಿತ್ತು. ಆದರೆ ನಾನು ಬರೆದಿದ್ದು ಏನು? "ಬಾಣಂತಿ ದೆವ್ವ. ಮರಾಠಿಯ ಹಡಳ, ದಖನಿಯವರ ಚುಡೇಲ್, ಮಲೇಷ್ಯಾದ ಪೊಂಟಿಯಾನಕ್ ಇದೇ ಗುಂಪು. ಹೆಣ್ಣಿನ ಕಾಮದ ಬಗ್ಗೆ ಗಂಡಸಿನ ಭಯದ ಸಂಕೇತ." ಈ ಕೊನೆ ಸಾಲು ಯಾವುದೋ ಇಂಗ್ಲಿಷ್ ಪುಸ್ತಕದ್ದು. ಕೆಂಡ ಕೇಳಿಕೊಂಡು ಬಂದವಳಲ್ಲಿ ಕಾಮ ಎಲ್ಲಿಂದ ಬಂತು ಅಂತ ಒಂದು ಸಲವೂ ಅನ್ನಿಸಲಿಲ್ಲ ನೋಡಿ. ಅಧ್ಯಾಯವನ್ನು ಒಂದು ಸಣ್ಣ ಪತ್ರಿಕೆಗೂ ಕಳಿಸಿದೆ. ಊರಿನ ಹೆಸರು, ಬಾವಿಯ ಹೆಸರು ಎಲ್ಲಾ ಹಾಕಿದ್ದೆ, ಕ್ಷೇತ್ರಕಾರ್ಯ ಅಂದರೆ ಹಾಗೇ ಇರಬೇಕು ಅಂತ.

ಪತ್ರಿಕೆ ಬಂದ ಮೇಲೆ ಖುಷಿಯಿಂದ ತೆಗೆದುಕೊಂಡು ಹೋದೆ. ಗೆಳೆಯನ ತಮ್ಮ ಕಟ್ಟೆ ಮೇಲೆ ಕೂತು ಜೋರಾಗಿ ಓದಿದ. ಸಂಜೆಯೊಳಗೆ ಆಯಿಯ ಬಾಗಿಲಲ್ಲಿ ಜಗಳ. ನಮ್ಮ ಮನೆ ಸೊಸೆನ ದೆವ್ವ ಮಾಡಿ ಪೇಪರಿಗಿ ಹಾಕ್ಯಾನ ಅಂತ ಒಂದು ಮನೆಯವರು ಬಂದು ನಿಂತಿದ್ದರು. ಅವತ್ತು ಕಥೆ ಮಧ್ಯೆ ಎದ್ದು ಹೋದ ಹೆಂಗಸಿನ ಮನೆಯವರು. ಆಯಿ ನನ್ನನ್ನು ಬೈಯಲೂ ಇಲ್ಲ. "ತಮ್ಮಾ, ನಾ ಯಾರಿಗಿ ಹೇಳಿದ್ದೆ, ನೀ ಯಾರಿಗಿ ಹೇಳಿದಿ?" ಅಂದಳು. ಆಮೇಲೆ ನನ್ನೆದುರು ಕಥೆ ಹೇಳಲೇ ಇಲ್ಲ. ಗೈಡ್ ಆ ಅಧ್ಯಾಯ ತೆಗೆದುಹಾಕು ಅಂದರು.

ಊರಿನ ಹೆಸರು ಹಾಕಿದ್ದೇ ತಪ್ಪು ಅಂತ ಎಲ್ಲರೂ ಹೇಳಿದರು. ಅದು ತಪ್ಪೇ, ನೀವೂ ಹಾಕಬೇಡಿ. ಆದರೆ ಅಸಲಿ ತಪ್ಪು ಅದಕ್ಕಿಂತ ಮುಂಚೆ ಆಗಿತ್ತು. ರೆಕಾರ್ಡಿಂಗ್ ಬರಹಕ್ಕಿಳಿಸುವಾಗ ಶುರುವಿನ ಮಾತನ್ನೆಲ್ಲ ನಾನು ಹರಟೆ ಅಂತ ಕತ್ತರಿಸಿದ್ದೆ. ಜಗಳದ ನಂತರ ಮೂಲ ಫೈಲ್ ಮತ್ತೆ ಕೇಳಿದೆ. ಆ ಮನೆಯ ಎರಡನೇ ಸೊಸೆಗೆ ದಿನ ತುಂಬಿದೆ, ಇನ್ನೂ ತವರಿಗೆ ಕಳಿಸಿಲ್ಲ, ಹೊಲದ ಕೆಲಸವೂ ಬಿಡಿಸಿಲ್ಲ. "ಮೊದಲಿನಾಕಿಗೂ ಹಿಂಗೇ ಮಾಡಿದ್ರು" ಅಂತ ಯಾರೋ ಮೆಲ್ಲಗೆ ಅನ್ನುತ್ತಾರೆ. ಒಂದು ಗಳಿಗೆ ಮೊರದ ಸದ್ದು ಮಾತ್ರ. ಆಮೇಲೆ ಆಯಿ ದೆವ್ವದ ಕಥೆ ಎತ್ತುತ್ತಾಳೆ. ಅತ್ತೆ ಅಲ್ಲೇ ಕೂತಿದ್ದಾಳೆ, ಅವಳಿಗೆ ನೇರವಾಗಿ ಹೇಳಿದರೆ ಓಣಿಯಲ್ಲಿ ಮಾತು ಬೆಳೆಯುತ್ತೆ. ದೆವ್ವದ ಬಾಯಲ್ಲಿ ಹೇಳಿಸಿದರೆ ಯಾರೂ ಏನೂ ಅನ್ನೋ ಹಾಗಿಲ್ಲ. ಈ ಸೊಸೆಗಾದರೂ ಕೆಂಡ ಇಡ್ರವ್ವಾ ಅನ್ನೋದೇ ಕಥೆ. ನಾನು ಅದನ್ನು ಕತ್ತರಿಸಿ, ಉಳಿದದ್ದಕ್ಕೆ ಅರ್ಥ ಹುಡುಕುತ್ತಾ ಕೂತಿದ್ದೆ. ದೆವ್ವ ಅಂದರೆ ಒಂದು ಜಾತಿ, ಒಂದು ನಮೂನೆ ಅಂತ ತಲೆಯಲ್ಲಿ ಕೂತಿದ್ದರಿಂದ, ಅವಳು ಯಾರದೋ ಮನೆಯಲ್ಲಿ ಉಂಡು ಮಲಗಿದ್ದ ಹೆಂಗಸು ಅನ್ನೋದು ಹೊಳೆಯಲೇ ಇಲ್ಲ.

ಈಗ ಹೇಳಿ, ಈ ದೆವ್ವದ ಮೂಲ ಯಾವ ಪುರಾಣದಲ್ಲಿದೆ? ಸರ್ಕಾರಿ ಲೆಕ್ಕದಲ್ಲೇ ನೋಡಿ, 2004-06ರಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 254 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 97ಕ್ಕೆ ಇಳಿದಿದೆ. ಆಯಿಯ ಕಾಲದಲ್ಲಂತೂ ಹೆರಿಗೆಯಲ್ಲಿ ಸತ್ತವರಿಲ್ಲದ ಓಣಿಯೇ ಇರಲಿಲ್ಲ ಅನ್ನಬಹುದು. ಹಡಳ, ಚುಡೇಲ್, ಪೊಂಟಿಯಾನಕ್ ಎಲ್ಲರೂ ಬಸುರಿ ಬಾಣಂತಿಯರೇ ಆಗಿರೋದಕ್ಕೆ ಒಬ್ಬರನ್ನು ನೋಡಿ ಒಬ್ಬರು ಕಥೆ ಕದಿಯಬೇಕಾಗಿಲ್ಲ. ಎಲ್ಲಾ ಕಡೆ ಅವರು ಸತ್ತಿದ್ದಾರೆ.

ಪುರಾಣ ಪೂರ್ತಿ ಬಿಡಿ ಅಂತಲ್ಲ. ಬ್ರಹ್ಮರಾಕ್ಷಸನಿಗೆ ಪುಸ್ತಕದ ಮೂಲ ಸಿಗುತ್ತೆ. ಬ್ರಾಹ್ಮಣನ ಸೊತ್ತು ಕದ್ದವನು, ಪರರ ಹೆಂಡತಿಯ ಹತ್ತಿರ ಹೋದವನು ಬ್ರಹ್ಮರಾಕ್ಷಸನಾಗುತ್ತಾನೆ ಅಂತ ಮನುಸ್ಮೃತಿಯ 12ನೇ ಅಧ್ಯಾಯದಲ್ಲಿದೆ. ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಅರಳಿ ಮರದಲ್ಲಿದ್ದ ಬ್ರಹ್ಮರಾಕ್ಷಸನಿಗೆ, ದತ್ತಾತ್ರೇಯನ ಅವತಾರ ಅಂತ ಭಕ್ತರು ನಂಬುವ ಗುರು ನರಸಿಂಹ ಸರಸ್ವತಿಗಳು ಮುಕ್ತಿ ಕೊಟ್ಟು ಅಲ್ಲೇ ಮಠ ಮಾಡಿಕೊಂಡರು ಅಂತ ಅವರ ಕಥೆ ಹೇಳುವ ಮರಾಠಿ ಗುರುಚರಿತ್ರೆಯಲ್ಲಿದೆ. ಆದರೆ ಇಲ್ಲೂ ಕೇಳಬೇಕಾದ್ದು ಅದೇ. ಕದಿಯಬೇಡ ಅಂತ ಹೆದರಿಸುತ್ತಿರುವವರು ಯಾರು, ಯಾರ ಆಸ್ತಿ ಕಾಯೋಕೆ? ಗುರುಚರಿತ್ರೆಯಲ್ಲಿ ಅದೇ ರಾಕ್ಷಸ ಗುರುವಿನ ದೊಡ್ಡಸ್ತಿಕೆ ತೋರಿಸೋಕೆ ಬರುತ್ತಾನೆ. ಹೆಸರು ಒಂದೇ, ಕೆಲಸ ಬೇರೆ.

ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಕಣ್ಣು ಕಿಸಿದ ಕೀರ್ತಿಮುಖ ನೋಡಿರುತ್ತೀರಿ. ರಾಹುವನ್ನು ತಿನ್ನೋಕೆ ಶಿವನಿಂದ ಹುಟ್ಟಿ, ತಿನ್ನೋದು ತಪ್ಪಿ, ಹಸಿವು ತಾಳದೆ ಶಿವನ ಮಾತಿನಂತೆ ತನ್ನ ಮೈಯನ್ನೇ ತಿಂದು ಮುಖ ಮಾತ್ರ ಉಳಿಸಿಕೊಂಡವನು. ಅವನಿಗೆ ಶಿವ ಬಾಗಿಲ ಕಾವಲು ಕೊಟ್ಟ. ಹೊಸ ಮನೆ ಕಟ್ಟುವಾಗ ದೃಷ್ಟಿಗೆ ಅಂತ ನೇತುಹಾಕುವ ರಾಕ್ಷಸ ಮುಖದ ಕೆಲಸವೂ ಅದೇ. ಹಾಗಾಗಿ ರಾಕ್ಷಸ ಅಂದರೆ ಕೆಟ್ಟದ್ದರ ಸಂಕೇತ ಅಂತ ದಯವಿಟ್ಟು ಬರೀಬೇಡಿ. ಇನ್ನು ಮಾರಿ ಅಂತ ಬೇರೆ ಯಾರೂ ಇಲ್ಲ ಅಂತ ಬಸವಣ್ಣನವರು 12ನೇ ಶತಮಾನದಲ್ಲೇ ಹೇಳಿಟ್ಟಿದ್ದಾರೆ, ಕಣ್ಣು ತಪ್ಪಿ ನೋಡಿದರೆ ಮಾರಿ, ನಾಲಿಗೆ ತಪ್ಪಿ ನುಡಿದರೆ ಮಾರಿ ಅಂತ. ಅದು ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಬದುಕಿದವರ ಮಾತು. ಪುರಾಣದ ಹಿಂದೆ ಓಡುವ ಮೊದಲು ಅದನ್ನಾದರೂ ಓದಿ.

ನನ್ನ ಸಲಹೆ ಇಷ್ಟೇ. ಅರ್ಥದ ಕಾಲಂ ತೆಗೆದುಹಾಕಿ. "ಇದರ ಅರ್ಥ ಏನು ಆಯಿ?" ಅಂತ ಯಾರನ್ನೂ ಕೇಳಬೇಡಿ, ನಿಮಗೆ ಬೇಕಾದ್ದನ್ನೇ ಹೇಳಿ ಕಳಿಸುತ್ತಾರೆ. ಆ ದೆವ್ವ ಎಲ್ಲಿ ನಿಲ್ಲುತ್ತೆ, ಯಾವ ಹೊತ್ತಿಗೆ, ಏನು ಕೇಳುತ್ತೆ, ಕಥೆ ಹೇಳುವಾಗ ಯಾರಿದ್ದರು, ಯಾರು ಎದ್ದು ಹೋದರು, ಇವನ್ನು ಬರೆದುಕೊಳ್ಳಿ. ನಮ್ಮ ಕಡೆ ಮಟಮಟ ಮಧ್ಯಾಹ್ನವೂ ದೆವ್ವ ತಿರುಗುತ್ತೆ ಅಂತಾರಲ್ವಾ, ಮೇ ತಿಂಗಳ ಬಿಸಿಲಲ್ಲಿ ಮಕ್ಕಳನ್ನು ಹಿಡಿದು ಮನೆಯೊಳಗೆ ಕೂರಿಸಬೇಕಾದ ತಾಯಿಗೆ ಅದರ ಉಪಯೋಗ ಏನು ಅಂತ ನಾನು ವಿವರಿಸಬೇಕಾ? ಮೂಢನಂಬಿಕೆ ಅನ್ನೋ ಪದ ಊರಲ್ಲಿ ಎತ್ತಲೇಬೇಡಿ. ಹಾಗಂತ ದೆವ್ವ ಬಿಡಿಸ್ತೀವಿ ಅಂತ ಯಾರಿಗಾದರೂ ಹೊಡೆಯೋದು ಕಂಡರೆ ರೆಕಾರ್ಡ್ ಮಾಡುತ್ತಾ ನಿಲ್ಲಬೇಡಿ, ಪೊಲೀಸರಿಗೆ ಫೋನ್ ಮಾಡಿ. ಅದಕ್ಕೆ ವಾಮಾಚಾರ, ಅಮಾನವೀಯ ಪದ್ಧತಿ ತಡೆಯುವ ನಮ್ಮ ರಾಜ್ಯದ 2017ರ ಕಾಯ್ದೆಯೇ ಇದೆ.

ಗಾಣಗಾಪುರಕ್ಕೆ ಹೇಗೂ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ರೈಲಲ್ಲಿ ಬಂದರೆ ಗಾಣಗಾಪುರ ರೋಡ್ ಸ್ಟೇಷನ್‌ನಿಂದ ದತ್ತನ ಗುಡಿ ಸುಮಾರು 20 ಕಿ.ಮೀ. ದೂರ, ಮೊದಲೇ ಗೊತ್ತಿರಲಿ. ಮಧ್ಯಾಹ್ನದ ಮಹಾಮಂಗಳಾರತಿಗೆ ಮೈಮೇಲೆ ಬಂದವರು ಕಿರುಚುತ್ತಾ ಕಂಬ ಹತ್ತುತ್ತಾರೆ, ಹೊಸಬರು ಅದನ್ನು ನೋಡುತ್ತಾ ನಿಂತುಬಿಡುತ್ತಾರೆ. ನೀವು ಅವರ ಜೊತೆ ಬಂದಿರುವ ಅವ್ವನ ಪಕ್ಕ ಕೂತು, ಯಾವ ಊರು, ಮಗಳಿಗೆ ಯಾವಾಗಿಂದ ಹೀಗೆ ಅಂತ ಮಾತಿಗೆಳೆಯಿರಿ. ಫೋನ್ ಜೇಬಲ್ಲೇ ಇರಲಿ.